ಎಷ್ಟು ದಿನದಿಂದ?

2012ರ ಫೆಬ್ರವರಿ. ಚಿಂತಾಮಣಿಯಿಂದ ಬೆಳಗಿನ ಮೊದಲ ಬಸ್ಸು ಹಿಡಿದು ಬೆಂಗಳೂರಿಗೆ ಹೋಗಿ, ಒಂದು ಆಸ್ಪತ್ರೆಯ ಹೊರರೋಗಿಗಳ ಸಾಲಿನಲ್ಲಿ ಎರಡು ಗಂಟೆ ಕಾದು, ಕೊನೆಗೆ ಪರದೆಯ ಹಿಂದಿನ ಮಂಚದ ಮೇಲೆ ಪ್ಯಾಂಟು ಸಡಿಲಿಸಿ ಮಲಗಿದ್ದೆ. ಕೈಗವಸು ಹಾಕಿಕೊಂಡ ವಯಸ್ಸಾದ ವೈದ್ಯರು ಮುಟ್ಟಿ ನೋಡಿ ಕೇಳಿದ ಮೊದಲ ಪ್ರಶ್ನೆ: “ಎಷ್ಟು ದಿನದಿಂದ ಇದೆಯಪ್ಪಾ ಇದು?”

“ಒಂದು ವಾರ ಆಯ್ತು ಸಾರ್” ಎಂದೆ.

ಸುಳ್ಳು. ನಾಲ್ಕು ತಿಂಗಳಾಗಿತ್ತು. ಸ್ನಾನ ಮಾಡುವಾಗ ಬಲಗಡೆಯ ಬೀಜದ ಹಿಂದೆ ಕಡಲೆ ಗಾತ್ರದ ಗಂಟೊಂದು ಕೈಗೆ ಸಿಕ್ಕಿದ್ದು ದಸರಾ ಹೊತ್ತಿಗೆ. ನೋವಿರಲಿಲ್ಲ. ಯಾರಿಗೂ ಹೇಳಿರಲಿಲ್ಲ. ಅವತ್ತು ಸ್ಕ್ಯಾನಿಂಗ್ ಆಯಿತು. ಗಂಟು ವೃಷಣದ ಒಳಗಿರಲಿಲ್ಲ. ಅದರ ಬೆನ್ನಿಗೆ ಅಂಟಿಕೊಂಡ ನಾಳದ ಸುರುಳಿಯಲ್ಲಿ ನೀರು ತುಂಬಿದ ಸಣ್ಣ ಗುಳ್ಳೆ. ಏನೂ ಮಾಡಬೇಕಿಲ್ಲ, ದೊಡ್ಡದಾದರೆ ಬಾ ಎಂದು ಕಳಿಸಿದರು. ಗುಳ್ಳೆಯನ್ನು ನಾನು ಬೇಗ ಮರೆತೆ. ಸುಳ್ಳನ್ನು ಮರೆಯಲಾಗಲಿಲ್ಲ. ಗುಣಪಡಿಸಲೆಂದು ಕೂತ ಮನುಷ್ಯನಿಗೆ, ನನ್ನದೇ ಒಳಿತಿಗೆಂದು ಕೇಳಿದ ಪ್ರಶ್ನೆಗೆ, ಯಾಕೆ ಸುಳ್ಳು ಹೇಳಿದೆ? ಅದು ನನ್ನೊಬ್ಬನ ಸುಳ್ಳಲ್ಲ, ಅದಕ್ಕೊಂದು ಚರಿತ್ರೆ ಇದೆ ಎಂದು ಗೊತ್ತಾಗಲು ಕೆಲವು ವರ್ಷ ಬೇಕಾಯಿತು.

*

ನಮ್ಮದು ರೇಷ್ಮೆಯ ಸೀಮೆ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋದವರಿಗೆ ಗೊತ್ತು, ಅಲ್ಲಿ ವ್ಯಾಪಾರ ನಡೆಯುವುದು ಕಣ್ಣಿಗಿಂತ ಹೆಚ್ಚಾಗಿ ಕೈಯಲ್ಲಿ. ರೀಲರು ಒಂದು ಹಿಡಿ ಗೂಡು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತುತ್ತಾರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಮೆತ್ತಗಿದ್ದರೆ ಒಂದು ರೇಟು, ಗಟ್ಟಿಯಿದ್ದರೆ ಒಂದು ರೇಟು. ಗೂಡು ಬೆಳೆಯುವ ಮನೆಯಲ್ಲೂ ಅಷ್ಟೆ. ಹುಳು ಒಂದನೇ ಜ್ವರಕ್ಕೆ ಕೂತಿತೋ, ಎರಡನೇ ಜ್ವರದಿಂದ ಎದ್ದಿತೋ ಎಂದು ದಿನವೂ ನೋಡಬೇಕು. ಹಾಲು ತೊಂಡೆ, ಸಪ್ಪೆ ರೋಗ, ಸುಣ್ಣಕಟ್ಟು, ಗಂಟು ರೋಗ, ಊಜಿ ನೊಣ: ಒಂದೊಂದಕ್ಕೂ ಹೆಸರಿದೆ, ಒಂದೊಂದರ ಮೊದಲ ಗುರುತೂ ರೈತನಿಗೆ ಗೊತ್ತಿದೆ. ತಡವಾದರೆ ಇಡೀ ಮನೆ ಹುಳು ತಿಪ್ಪೆಗೆ.

ನಮ್ಮ ದೊಡ್ಡಪ್ಪ ಅಂಥ ರೈತ. ಬೀಡಿ ಕಚ್ಚಿಕೊಂಡೇ ಹುಳುಮನೆಯ ಬಾಗಿಲಲ್ಲಿ ನಿಂತು, ವಾಸನೆಯ ಮೇಲೇ ರೋಗ ಹೇಳುತ್ತಿದ್ದರು. ಅದೇ ದೊಡ್ಡಪ್ಪ ಪಂಚೆಯ ಕೆಳಗೆ ತೆಂಗಿನಕಾಯಿ ಗಾತ್ರದ ಊತವನ್ನು ಹನ್ನೊಂದು ವರ್ಷ ಇಟ್ಟುಕೊಂಡು ತಿರುಗಿದರು. ಊರಿಗೆಲ್ಲ ಗೊತ್ತಿತ್ತು. ಹಿಂದಿನಿಂದ ನಗುತ್ತಿದ್ದರು. ನಮ್ಮ ಕಡೆಯ ಕನ್ನಡದಲ್ಲಿ ತೆಲುಗು ಬೆರೆತಿರುವುದರಿಂದ ಅದಕ್ಕೆ ‘ವರಿಬೀಜಂ’ ಎಂಬ ಹೆಸರೂ ಇತ್ತು, ಅದರ ಮೇಲೆ ಕಟ್ಟಿದ ತಮಾಷೆಗಳೂ ಇದ್ದವು. ತಮಾಷೆಗೆ ಇದ್ದ ಮಾತು ಚಿಕಿತ್ಸೆಗೆ ಇರಲಿಲ್ಲ.

ಆ ಜಾಗವನ್ನು ಯಾರೂ ಮುಟ್ಟಿ ನೋಡುವುದೇ ಇಲ್ಲ ಎಂದಲ್ಲ. ಗಂಡುಮಗು ಹುಟ್ಟಿದ ಮನೆಯಲ್ಲಿ ಬಾಣಂತನ ಮಾಡುವ ಅಜ್ಜಿ ಎಣ್ಣೆ ಹಚ್ಚಿ, ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವಾಗ ಎಲ್ಲವನ್ನೂ ನೋಡುತ್ತಾಳೆ. ಎರಡು ಬೀಜವೂ ಕೆಳಗಿಳಿದಿವೆಯೇ, ಒಂದೇ ಇದೆಯೇ ಎಂದು ಅವಳ ಬೆರಳಿಗೆ ಗೊತ್ತಾಗುತ್ತದೆ. ಇಂದಿನ ಮಕ್ಕಳ ತಜ್ಞರೂ ಅದನ್ನೇ ನೋಡುವುದು: ಆರು ತಿಂಗಳಾದರೂ ಇಳಿಯದಿದ್ದರೆ, ಒಂದು-ಒಂದೂವರೆ ವರ್ಷದೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿ ಎನ್ನುತ್ತಾರೆ. ಹಾಗೇ ಬಿಟ್ಟರೆ ಮುಂದೆ ಬಂಜೆತನಕ್ಕೂ ಕ್ಯಾನ್ಸರಿಗೂ ದಾರಿಯಾಗಬಹುದು. ಹುಡುಗ ಚಡ್ಡಿ ಹಾಕಲು ಕಲಿತ ದಿನ ಅಜ್ಜಿಯ ಕೆಲಸ ಮುಗಿಯಿತು. ಆ ಕೆಲಸವನ್ನು ಅವಳಿಂದ ಅವನೇ ವಹಿಸಿಕೊಳ್ಳಬೇಕಿತ್ತು. ವಹಿಸಿಕೊಡುವವರು ಯಾರೂ ಇರಲಿಲ್ಲ.

*

ಈ ಮೌನ ನಮ್ಮ ಪರಂಪರೆಯದು ಎಂದು ಹೇಳುವವರಿದ್ದಾರೆ. ಪರಂಪರೆಯ ಪುಸ್ತಕ ತೆರೆದರೆ ಬೇರೆಯೇ ಕಾಣುತ್ತದೆ. ಸುಶ್ರುತ ಸಂಹಿತೆಯ ನಿದಾನಸ್ಥಾನದ ಹನ್ನೆರಡನೆಯ ಅಧ್ಯಾಯ ವೃಷಣದ ಊತಗಳನ್ನು ‘ವೃದ್ಧಿ’ ಎಂದು ಕರೆದು ಏಳು ಬಗೆಯಾಗಿ ವಿಂಗಡಿಸುತ್ತದೆ: ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ, ಅಂತ್ರ. ಮೂತ್ರವೃದ್ಧಿಯ ಲಕ್ಷಣ ಹೇಳುವಾಗ, ನಡೆಯುವವನಲ್ಲಿ ಅದು ನೀರು ತುಂಬಿದ ತೊಗಲಿನ ಚೀಲದಂತೆ ಕದಲುತ್ತದೆ ಎನ್ನುತ್ತದೆ. ಓದಿದಾಗ ನನಗೆ ದೊಡ್ಡಪ್ಪ ಹೊಲದ ಬದುವಿನ ಮೇಲೆ ಕಾಲಗಲಿಸಿ ನಡೆದು ಬರುವುದು ಕಂಡಿತು. ಅಂತ್ರವೃದ್ಧಿ ಎಂದರೆ ಕರುಳು ಜಾರಿ ಬರುವುದು, ಈಗ ಹರ್ನಿಯಾ ಎನ್ನುತ್ತೇವೆ. ಚಿಕಿತ್ಸಾಸ್ಥಾನದಲ್ಲಿ, ಮೂತ್ರವೃದ್ಧಿಯನ್ನು ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ ನೀರು ತೆಗೆಯುವ ಕ್ರಮವೂ ಇದೆ. ಈ ಮಾತುಗಳಲ್ಲಿ ನಾಚಿಕೆಯಿಲ್ಲ, ನಗೆಯಿಲ್ಲ. ಯಾರೋ ಬಂದು ತೋರಿಸಿಕೊಂಡಿದ್ದಾರೆ, ಇನ್ಯಾರೋ ಗಮನವಿಟ್ಟು ನೋಡಿ ಬರೆದಿಟ್ಟಿದ್ದಾರೆ.

ಅದೇ ಅಧ್ಯಾಯ ಆನೆಕಾಲು ರೋಗವನ್ನೂ, ಅಂದರೆ ಶ್ಲೀಪದವನ್ನೂ, ವೃದ್ಧಿಯ ಜೊತೆಗೇ ಇಟ್ಟಿದೆ. ಎರಡಕ್ಕೂ ಎಷ್ಟೋ ಸಲ ಕಾರಣ ಒಂದೇ ಎಂಬುದು ಬಹಳ ಕಾಲದ ಮೇಲೆ ಗೊತ್ತಾಯಿತು. 1863ರಲ್ಲಿ ಪ್ಯಾರಿಸ್ಸಿನ ಶಸ್ತ್ರವೈದ್ಯ ದೆಮಾರ್ಕೇ ಇಂಥದೇ ಊತದಿಂದ ತೆಗೆದ ದ್ರವವನ್ನು ಸೂಕ್ಷ್ಮದರ್ಶಕದಡಿ ಇಟ್ಟಾಗ ಎಳೆಯಂಥ ಮರಿಹುಳುಗಳು ಕಂಡವು. ಅವು ಫೈಲೇರಿಯಾ ಹುಳುಗಳು. 1872ರಲ್ಲಿ ಕಲ್ಕತ್ತೆಯಲ್ಲಿ ತಿಮೊತಿ ಲೂಯಿಸ್ ಅವನ್ನು ಮನುಷ್ಯರ ರಕ್ತದಲ್ಲಿ ಕಂಡ. 1877ರಲ್ಲಿ ಚೀನಾದಲ್ಲಿದ್ದ ಪ್ಯಾಟ್ರಿಕ್ ಮ್ಯಾನ್ಸನ್ ಅವು ಸೊಳ್ಳೆಯೊಳಗೆ ಬೆಳೆಯುವುದನ್ನು ತೋರಿಸಿದ. ಆ ಜಾಡಿನಲ್ಲೇ ನಡೆದ ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಸೊಳ್ಳೆಯೊಳಗೆ ಮಲೇರಿಯಾದ ಪರಾವಲಂಬಿಯನ್ನು ಕಂಡ. ಇಷ್ಟೆಲ್ಲದರ ಮೊದಲಿಗೆ ವೈದ್ಯನ ಮುಂದೆ ಬಟ್ಟೆ ಸರಿಸಲು ಒಪ್ಪಿದ ಒಬ್ಬ ಗಂಡಸಿದ್ದಾನೆ. ನಮ್ಮ ಕರಾವಳಿಯಲ್ಲಿ, ಕಲಬುರಗಿ-ಬೀದರ್ ಕಡೆಯಲ್ಲಿ ಫೈಲೇರಿಯಾಕ್ಕೆ ಮಾತ್ರೆ ಹಂಚುವ ಆರೋಗ್ಯ ಕಾರ್ಯಕರ್ತೆ ಆ ಅನಾಮಿಕನಿಗೆ ಸ್ವಲ್ಪ ಋಣಿ.

ಕ್ಯಾನ್ಸರಿನ ಚರಿತ್ರೆಯೂ ಹೀಗೇ ಕೆಳಗಿನಿಂದ ಶುರುವಾಗುತ್ತದೆ. 1775ರಲ್ಲಿ ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ, ಚಿಮಣಿ ಗುಡಿಸುವವರ ವೃಷಣದ ಚೀಲದ ಮೇಲೆ ಏಳುವ ಹುಣ್ಣಿನ ಬಗ್ಗೆ ಬರೆದ. ಬಡವರ ಮಕ್ಕಳನ್ನು ನಾಲ್ಕೈದು ವರ್ಷಕ್ಕೇ ಆ ಕೆಲಸಕ್ಕೆ ಹಚ್ಚುತ್ತಿದ್ದರು. ಇಕ್ಕಟ್ಟಾದ ಹೊಗೆಗೂಡಿನೊಳಗೆ ಬರಿಮೈಯಲ್ಲಿ ಹತ್ತಿ ಮಸಿ ಕೆರೆಯಬೇಕು. ಆ ಮಸಿ ಚರ್ಮದ ಮಡಿಕೆಗಳಲ್ಲಿ ಕೂತು ವರ್ಷಗಳ ಮೇಲೆ ಕ್ಯಾನ್ಸರಾಗುತ್ತಿತ್ತು. ಆ ಹುಣ್ಣನ್ನು ಗುಹ್ಯರೋಗವೆಂದು ತಿಳಿದು ಪಾದರಸ ಕೊಡುತ್ತಿದ್ದರು. ಹುಡುಗ ಯಾರ ಸಹವಾಸ ಮಾಡಿದ ಎಂದು ಕೇಳುತ್ತಿದ್ದವರಿಗೆ, ಯಾವ ಕೆಲಸ ಮಾಡಿದ ಎಂದು ಕೇಳಿ ಎಂದವನು ಪಾಟ್. ಕಸುಬಿನಿಂದ ಕ್ಯಾನ್ಸರ್ ಬರುತ್ತದೆ ಎಂದು ವೈದ್ಯಶಾಸ್ತ್ರ ಮೊದಲು ಕಂಡುಕೊಂಡದ್ದು ಹೀಗೆ. ಮಕ್ಕಳನ್ನು ಚಿಮಣಿ ಹತ್ತಿಸುವುದು ಇಂಗ್ಲೆಂಡಿನಲ್ಲಿ ನಿಜವಾಗಿ ನಿಂತದ್ದು 1875ರ ಕಾನೂನಿನ ಮೇಲೆ, ಸರಿಯಾಗಿ ನೂರು ವರ್ಷಕ್ಕೆ.

*

ಹಾಗಾದರೆ ನಮ್ಮ ಕಡೆ ಈ ಅಂಗ ‘ಗುಪ್ತಾಂಗ’ವಾದದ್ದು, ಅದರ ರೋಗವೆಲ್ಲ ‘ಗುಪ್ತರೋಗ’ವಾದದ್ದು ಹೇಗೆ? ನಾನು ಬೆಳೆದ ಊರಿನಲ್ಲಿ ಗಂಡಸಿನ ಸೊಂಟದ ಕೆಳಗಿನ ವಿಷಯ ಮಾತಾಡುತ್ತಿದ್ದವರು ಇಬ್ಬರೇ: ಒಬ್ಬ ಸರ್ಕಾರ, ಇನ್ನೊಬ್ಬ ಗೋಡೆ.

ಸರ್ಕಾರದ ಮಾತು ಹಳೆಯದು. 1930ರಲ್ಲೇ ಮೈಸೂರು ಸಂಸ್ಥಾನ ಜನನ ನಿಯಂತ್ರಣ ಚಿಕಿತ್ಸಾಲಯಗಳನ್ನು ತೆರೆಯಲು ಆದೇಶಿಸಿತು. ಸರ್ಕಾರವೇ ಮುಂದೆ ನಿಂತು ಮಾಡಿದ ಕೆಲಸಗಳಲ್ಲಿ ಜಗತ್ತಿನಲ್ಲೇ ಮೊದಲ ಸಾಲಿನದು. ಚಿಂತಾಮಣಿ ಆಗ ಮೈಸೂರು ಸಂಸ್ಥಾನದ ಕೋಲಾರ ಜಿಲ್ಲೆಯ ತಾಲ್ಲೂಕು. ಆದರೆ ಆ ಮಾತು ಮಕ್ಕಳ ಸಂಖ್ಯೆಯ ಬಗ್ಗೆ, ಮತ್ತು ಹೆಚ್ಚಾಗಿ ಹೆಂಗಸರ ಜೊತೆ. ಗಂಡಸಿನ ಸರದಿ ಬಂದದ್ದು ಕೆಂಪು ತ್ರಿಕೋನದ ಕಾಲದಲ್ಲಿ. ತುರ್ತುಪರಿಸ್ಥಿತಿಯ 1976-77ರ ಒಂದೇ ವರ್ಷದಲ್ಲಿ ದೇಶದಲ್ಲಿ ಸುಮಾರು 82 ಲಕ್ಷ ಸಂತಾನಹರಣ ಶಸ್ತ್ರಚಿಕಿತ್ಸೆ ನಡೆದವು. ಅವುಗಳಲ್ಲಿ ಸುಮಾರು 62 ಲಕ್ಷ ಗಂಡಸರವು. ಬಲವಂತ ಅತಿರೇಕಕ್ಕೆ ಹೋದದ್ದು ಉತ್ತರದಲ್ಲಾದರೂ ಹೆದರಿಕೆ ಎಲ್ಲ ಕಡೆ ಹಬ್ಬಿತು. ನಮ್ಮ ಹಿರಿಯರ ಬಾಯಲ್ಲಿ ‘ಆಪರೇಷನ್’ ಎಂಬ ಪದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಸರ್ಕಾರಿ ಡಾಕ್ಟರ ಮುಂದೆ ಪಂಚೆ ಬಿಚ್ಚಿದರೆ ಕತ್ತರಿಸಿ ಕಳಿಸುತ್ತಾರೆ ಎಂಬುದು ದೊಡ್ಡಪ್ಪನ ಪೀಳಿಗೆಗೆ ಹಾಸ್ಯವಲ್ಲ, ನೆನಪು. ಆಮೇಲೆ ಗಂಡಸರು ಆ ಬಾಗಿಲಿಂದ ಪೂರಾ ಹಿಂದೆ ಸರಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಹೆಂಗಸರ ಸಂತಾನಹರಣ ಶೇ. 37.9 ಇದ್ದರೆ ಗಂಡಸರದು ಶೇ. 0.3. ನೋವನ್ನು ಹೆಂಡತಿಯ ಪಾಲಿಗೆ ಬಿಟ್ಟರು. ಜೊತೆಗೆ, ತಮ್ಮ ಮೈಯನ್ನು ವೈದ್ಯರಿಗೆ ತೋರಿಸುವ ಅಭ್ಯಾಸವನ್ನೂ ಕಳೆದುಕೊಂಡರು.

ಗೋಡೆಯ ಮಾತು ಬೇರೆ. ಬಸ್ ನಿಲ್ದಾಣದ ಶೌಚಾಲಯದ ಗೋಡೆಯಲ್ಲಿ, ಮದನಪಲ್ಲಿ ರಸ್ತೆಯ ಮೋರಿಗಳ ಮೇಲೆ ಹಳದಿ-ಕಪ್ಪು ಅಕ್ಷರ: ಗುಪ್ತರೋಗ, ನರದೌರ್ಬಲ್ಯ, ಧಾತು ನಷ್ಟ, ಪ್ರತಿ ಗುರುವಾರ ಇಂಥ ಲಾಡ್ಜಿನಲ್ಲಿ ಭೇಟಿ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಇಂಥ ಜಾಹೀರಾತನ್ನು ನಿಷೇಧಿಸಿದೆ. ಯಾವ ಯಾವ ಕಾಯಿಲೆ ಗುಣಪಡಿಸುತ್ತೇವೆಂದು ಪ್ರಚಾರ ಮಾಡುವಂತಿಲ್ಲ ಎಂಬ ಅದರ ಪಟ್ಟಿಯಲ್ಲಿ ಕ್ಯಾನ್ಸರೂ ಇದೆ, ದೊಡ್ಡಪ್ಪನ ಹೈಡ್ರೋಸಿಲ್ ಕೂಡ ಇದೆ. ಕಾಯ್ದೆ ಗೋಡೆಯನ್ನು ಮುಟ್ಟಲಿಲ್ಲ. 1960ರಲ್ಲಿ ಮನೋವೈದ್ಯ ನರೇಂದ್ರನಾಥ ವಿಗ್ ಈ ಧಾತುವಿನ ಭಯಕ್ಕೆ ಒಂದು ಶಾಸ್ತ್ರೀಯ ಹೆಸರನ್ನೇ ಕೊಟ್ಟರು: ವೀರ್ಯ ಹೋದರೆ ಬದುಕೇ ಹೋಯಿತೆಂದು ನವೆಯುವ, ಮೈಯಲ್ಲಿ ಏನೂ ರೋಗವಿಲ್ಲದ ಹುಡುಗರ ಸಂಕಟ ಅದು. ಇಲ್ಲದ ರೋಗಕ್ಕೆ ಗುರುವಾರದ ಲಾಡ್ಜಿಗೆ ಹೋಗುವ ಹುಡುಗ, ಇರುವ ಗಂಟನ್ನು ಯಾರಿಗೂ ತೋರಿಸುವುದಿಲ್ಲ. ಎರಡಕ್ಕೂ ಮೂಲ ಒಂದೇ ಪದ, ‘ಗುಪ್ತ’.

ಪುಸ್ತಕಗಳಿರಲಿಲ್ಲವೇ? ಇದ್ದವು, ಅಕ್ಕನ ಬಳಿ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ಬರೆದ ‘ಕೇಳು ಕಿಶೋರಿ’ ಅವಳ ಪೆಟ್ಟಿಗೆಯಲ್ಲಿತ್ತು. ಮದುವೆ ಗೊತ್ತಾದಾಗ ‘ವಧುವಿಗೆ ಕಿವಿಮಾತು’, ಬಸುರಿಯಾದಾಗ ‘ತಾಯಿ ಮಗು’. ಕನ್ನಡದ ಹೆಣ್ಣುಮಕ್ಕಳ ಎರಡು ತಲೆಮಾರಿಗೆ ಆಕೆ ಅಕ್ಕನಂತೆ ಕೂತು ಮೈಯ ವಿಷಯ ಹೇಳಿದರು. 1991ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಕದ್ದು ಓದಿದ ನನಗೆ ಹೆಣ್ಣಿನ ಮೈ ಬಗ್ಗೆ ನನ್ನ ಮೈಗಿಂತ ಹೆಚ್ಚು ಗೊತ್ತಿತ್ತು. ಕಿಶೋರಿಗೆ ಕೇಳು ಎಂದವರಿದ್ದರು. ಕಿಶೋರನಾಗಿದ್ದ ನನ್ನ ಕೈಗೆ ಅಂಥದೊಂದು ಸಿಗಲಿಲ್ಲ.

*

ನಾಲ್ಕು ತಿಂಗಳು ಬಾಯಿ ಮುಚ್ಚಿಕೊಂಡಿದ್ದವನನ್ನು ಆಸ್ಪತ್ರೆಗೆ ಕಳಿಸಿದ್ದು ಪುಸ್ತಕವಲ್ಲ, ಕ್ರಿಕೆಟ್ಟು. 2011ರ ಮಾರ್ಚ್ 6ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಐರ್ಲೆಂಡ್ ವಿರುದ್ಧ ಯುವರಾಜ್ ಸಿಂಗ್ 31 ರನ್ನಿಗೆ ಐದು ವಿಕೆಟ್ ಕಿತ್ತು, ಔಟಾಗದೆ 50 ಹೊಡೆದ. ವಿಶ್ವಕಪ್ಪಿನ ಒಂದೇ ಪಂದ್ಯದಲ್ಲಿ ಅದಕ್ಕೆ ಮೊದಲು ಯಾರೂ ಹಾಗೆ ಮಾಡಿರಲಿಲ್ಲ. ಹುಳುಮನೆಗೆ ಸೊಪ್ಪು ಹಾಕುವುದನ್ನು ಬಿಟ್ಟು ನೋಡಿದ ಪಂದ್ಯ ಅದು. ಆ ವಿಶ್ವಕಪ್ಪಿನುದ್ದಕ್ಕೂ ಅವನು ಕೆಮ್ಮುತ್ತಿದ್ದ, ವಾಂತಿ ಮಾಡುತ್ತಿದ್ದ. ಅದೆಲ್ಲ ಏಕೆಂದು ಗೊತ್ತಾದದ್ದು ಮುಂದಿನ ಫೆಬ್ರವರಿಯಲ್ಲಿ. ಎರಡು ಶ್ವಾಸಕೋಶಗಳ ನಡುವೆ ಗಡ್ಡೆ, ಸೆಮಿನೋಮಾ ಎಂಬ ಜಾತಿಯ ಕ್ಯಾನ್ಸರ್.

ಪತ್ರಿಕೆಯಲ್ಲಿ ಒಂದು ವಾಕ್ಯವಿತ್ತು: ಇದು ಸಾಮಾನ್ಯವಾಗಿ ವೃಷಣದಲ್ಲಿ ಕಾಣಿಸುವ ಜಾತಿ. ಭ್ರೂಣದಲ್ಲಿ ಮುಂದೆ ವೀರ್ಯ ಹುಟ್ಟಿಸಬೇಕಾದ ಜೀವಕೋಶಗಳು ಮೈಯ ನಡುಗೆರೆಯ ಉದ್ದಕ್ಕೂ ನಡೆದು ತಮ್ಮ ಜಾಗ ಸೇರಬೇಕು. ದಾರಿಯಲ್ಲಿ ಉಳಿದುಹೋದ ಕೆಲವು ಎಂದೋ ಎದೆಯಲ್ಲೂ ಗಡ್ಡೆಯಾಗಬಹುದು. ಆ ವಾಕ್ಯವನ್ನು ಓದಿದ ಮೂರನೇ ದಿನ ಬಸ್ಸು ಹತ್ತಿದೆ.

ಅವನ ಚಿಕಿತ್ಸೆ ನಡೆದದ್ದು ಅಮೆರಿಕದಲ್ಲಿ. ಅಲ್ಲಿ ಅವನನ್ನು ನೋಡಿಕೊಂಡವರಲ್ಲಿ ಇಂಡಿಯಾನಾಪೊಲಿಸ್‌ನ ಲಾರೆನ್ಸ್ ಐನ್‌ಹಾರ್ನ್ ಒಬ್ಬರು. ಅವರ ಹಿಂದೆ ಇನ್ನೊಂದು ಆಕಸ್ಮಿಕದ ಕಥೆಯಿದೆ. 1965ರಲ್ಲಿ ಮಿಷಿಗನ್‌ನ ಬಾರ್ನೆಟ್ ರೋಸೆನ್‌ಬರ್ಗ್ ಬ್ಯಾಕ್ಟೀರಿಯಾಗಳಿಗೆ ವಿದ್ಯುತ್ ಹಾಯಿಸಿ ನೋಡುತ್ತಿದ್ದ. ಅವು ಇಬ್ಭಾಗವಾಗುವುದನ್ನು ಬಿಟ್ಟು ಉದ್ದುದ್ದ ಬೆಳೆದವು. ಕಾರಣ ವಿದ್ಯುತ್ತಲ್ಲ, ತಂತಿಯ ಪ್ಲಾಟಿನಂ ಕರಗಿ ಆದ ಸಂಯುಕ್ತ ಎಂದು ಹುಡುಕಿದ. ಅದೇ ಸಿಸ್‌ಪ್ಲಾಟಿನ್. 1974ರಲ್ಲಿ ಐನ್‌ಹಾರ್ನ್ ಅದನ್ನು ಬೇರೆರಡು ಔಷಧಗಳ ಜೊತೆ ಸೇರಿಸಿ, ವೃಷಣದ ಕ್ಯಾನ್ಸರ್ ಮೈಯೆಲ್ಲ ಹರಡಿ ಸಾವಿನ ಹತ್ತಿರವಿದ್ದ ಯುವಕನಿಗೆ ಕೊಟ್ಟರು. ಅವನು ಉಳಿದ. ಅಲ್ಲಿಯವರೆಗೆ ಹರಡಿದ ಮೇಲೆ ಹತ್ತರಲ್ಲಿ ಒಬ್ಬ ಉಳಿದರೆ ಹೆಚ್ಚು. ಈಗ ಹತ್ತರಲ್ಲಿ ಸುಮಾರು ಎಂಟು ಜನ ಉಳಿಯುತ್ತಾರೆ. ಹರಡುವ ಮೊದಲೇ ಸಿಕ್ಕರೆ ಹೆಚ್ಚುಕಡಿಮೆ ಎಲ್ಲರೂ. 2012ರ ಸೆಪ್ಟೆಂಬರಿನಲ್ಲಿ ಯುವರಾಜ್ ಚೆನ್ನೈನಲ್ಲಿ ನ್ಯೂಜಿಲೆಂಡ್ ವಿರುದ್ಧ ಮತ್ತೆ ಬ್ಯಾಟು ಹಿಡಿದ.

*

ಹೆದರಿಸುವುದು ನನ್ನ ಉದ್ದೇಶವಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ ಒಬ್ಬನಿಗೂ ವೃಷಣದ ಕ್ಯಾನ್ಸರ್ ಬರುವುದಿಲ್ಲ. ನಾರ್ವೆ, ಡೆನ್ಮಾರ್ಕ್‌ಗಳಲ್ಲಿ ಅದು ಹತ್ತರ ಸುಮಾರು. ಬರುವುದಾದರೆ ಹದಿನೈದರಿಂದ ನಲವತ್ತರ ಒಳಗೆ, ಕಾಲೇಜು, ಕೆಲಸ, ಮದುವೆಯ ವಯಸ್ಸಿನಲ್ಲಿ. ನಮ್ಮಂಥ ಬಡ, ಗ್ರಾಮೀಣ ಪ್ರದೇಶಗಳಲ್ಲಿ ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಶಿಶ್ನದ ಕ್ಯಾನ್ಸರ್. ಮುಂದೊಗಲು ಹಿಂದೆ ಸರಿಯದಿರುವುದು, ಅದರಡಿ ತೊಳೆಯದೆ ಬಿಡುವುದು, ಎಚ್‌ಪಿವಿ ವೈರಸ್ಸು, ತಂಬಾಕು ಇವು ಅದರ ಕಾರಣಗಳು. ಮೊದಲು ಒಂದು ಒಣಗದ ಹುಣ್ಣು. ಆಗಲೇ ತೋರಿಸಿದರೆ ಅಂಗ ಉಳಿಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಚಿಂತಾಮಣಿಯಿಂದ ಎರಡೂವರೆ ಗಂಟೆಯ ದಾರಿ. ದೂರವಿರುವುದು ಆ ಮೊದಲ ಮಾತು.

ಕ್ಯಾನ್ಸರಿಗಿಂತ ಅವಸರದ್ದು ಇನ್ನೊಂದಿದೆ. ಹುಡುಗರಲ್ಲಿ ಇದ್ದಕ್ಕಿದ್ದಂತೆ ಒಂದು ಬೀಜ ತನ್ನ ನಾಳದ ಮೇಲೇ ತಿರುಚಿಕೊಂಡು ರಕ್ತ ನಿಂತುಹೋಗುವುದು. ವಿಪರೀತ ನೋವು, ವಾಂತಿ, ಕೆಲವೊಮ್ಮೆ ಬರೀ ಹೊಟ್ಟೆನೋವು. ಸುಮಾರು ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಾದರೆ ಬೀಜ ಉಳಿಯುತ್ತದೆ, ಆಮೇಲೆ ಗಂಟೆಗಂಟೆಗೂ ಆಸೆ ಕಡಿಮೆ. ಹಾಸ್ಟೆಲಿನ ಹುಡುಗ ನಾಚಿಕೆಯಿಂದ ಬೆಳಗಾಗಲಿ ಎಂದು ಕಾದರೆ ಆ ಆರು ಗಂಟೆ ಮುಗಿದಿರುತ್ತದೆ.

ಹಾಗಾದರೆ ತಿಂಗಳಿಗೊಮ್ಮೆ ಪರೀಕ್ಷಿಸಿಕೊಳ್ಳಬೇಕೇ? ಇದರಲ್ಲಿ ವೈದ್ಯರಲ್ಲೇ ಒಮ್ಮತವಿಲ್ಲ. ಅಮೆರಿಕದ ತಡೆಗಟ್ಟುವ ಆರೋಗ್ಯ ಸೇವೆಗಳ ಕಾರ್ಯಪಡೆ 2004ರಲ್ಲಿ, ಮತ್ತೆ 2011ರಲ್ಲಿ, ಲಕ್ಷಣವಿಲ್ಲದವರು ತಪಾಸಣೆಯೆಂದು ಇದನ್ನು ಮಾಡಬೇಕಿಲ್ಲ ಎಂದಿತು. ರೋಗ ಅಪರೂಪ, ತಡವಾದರೂ ಗುಣವಾಗುತ್ತದೆ, ಸುಮ್ಮನೆ ಗಾಬರಿ ಹೆಚ್ಚುತ್ತದೆ ಎಂಬುದು ಅವರ ಲೆಕ್ಕ. ನನ್ನ ನಾಲ್ಕು ತಿಂಗಳ ಗಾಬರಿಯೂ ಅವರ ಕಡೆಗೇ ಸಾಕ್ಷಿ ಹೇಳುತ್ತದೆ ಅನ್ನಬಹುದು. ಆದರೆ ನನ್ನನ್ನು ಕಾಡಿದ್ದು ಗಂಟು ಸಿಕ್ಕಿದ್ದಲ್ಲ, ಯಾವುದು ಸಹಜ ಎಂದು ಗೊತ್ತಿಲ್ಲದ್ದು. ಒಂದು ಬೀಜ ಇನ್ನೊಂದಕ್ಕಿಂತ ಕೆಳಗಿರುವುದು ಸಹಜ, ಗಾತ್ರದಲ್ಲಿ ತುಸು ಹೆಚ್ಚುಕಡಿಮೆ ಇರುವುದು ಸಹಜ, ಹಿಂಬದಿಯಲ್ಲಿ ಮೆತ್ತನೆಯ ಹುರಿಯೊಂದು ಕೈಗೆ ಸಿಗುವುದೂ ಸಹಜ. ಬಿಸಿನೀರಿನ ಸ್ನಾನದ ಹೊತ್ತಿಗೆ ಚರ್ಮ ಸಡಿಲವಾಗಿರುತ್ತದೆ. ಹೆಬ್ಬೆರಳು ಮತ್ತು ಬೆರಳುಗಳ ನಡುವೆ ಒಂದೊಂದನ್ನೇ ಮೆಲ್ಲಗೆ ಉರುಳಿಸಿದರೆ ಸಾಕು, ಗೂಡು ನೋಡಿದಂತೆ. ಬೀಜದ ಮೈಯಲ್ಲೇ ಗಟ್ಟಿ ಗಂಟು, ಹೊಸ ಭಾರ, ಊತ, ಹಿಂದಿನ ಸಲ ಇಲ್ಲದ್ದು ಏನಾದರೂ ಕಂಡರೆ ಸ್ಕ್ಯಾನಿಂಗಿಗೆ ಹೋಗಬೇಕು. ಮುಂದೊಗಲು ಸರಿಸಿ ತೊಳೆಯುವಾಗ ಒಮ್ಮೆ ನೋಡಿಕೊಳ್ಳಬೇಕು. ಇದು ವ್ರತವಲ್ಲ, ಪರಿಚಯ. ಅಜ್ಜಿ ಬಿಟ್ಟ ಕೆಲಸ.

ನಮ್ಮ ಸೀಮೆಯ ಜನ ನಾಚಿಕೆ ಬಿಡಲಾರದವರೇನಲ್ಲ. ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಕಂದುಗಟ್ಟಿದ ಹಲ್ಲನ್ನು ಶಿಬಿರದ ವೈದ್ಯರಿಗೆ ಬಾಯಗಲಿಸಿ ತೋರಿಸುತ್ತಾರೆ. ತೋರಿಸಬಹುದು ಎಂದು ಯಾರೋ ಬಂದು ಹೇಳಿದ್ದರಿಂದ ತೋರಿಸುತ್ತಾರೆ.

ಆ ವರ್ಷದ ಯುಗಾದಿಗೆ ಊರಿಗೆ ಹೋದಾಗ ಹುಳು ನಾಲ್ಕನೇ ಜ್ವರದಿಂದ ಎದ್ದಿದ್ದವು. ರಾತ್ರಿ ಸೊಪ್ಪು ಹಾಕುತ್ತಾ, ದೊಡ್ಡಪ್ಪನ ಮುಖ ನೋಡದೆ, ಬೆಂಗಳೂರಿಗೆ ಹೋಗಿದ್ದನ್ನು ಹೇಳಿದೆ. ಗಂಟು, ಪರದೆ, ಕೈಗವಸು, ನಾನು ಹೇಳಿದ ಸುಳ್ಳು, ಎಲ್ಲ. ಅವರ ಊತದ ಮಾತನ್ನೇ ಎತ್ತಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಸಾವಿರಾರು ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತಿತ್ತು. ಆಮೇಲೆ, “ಕುಯ್ತಾರೇನಪ್ಪಾ?” ಎಂದರು.

ಗೂಡು ಮಾರಿದ ಮೇಲೆ ಕರೆದುಕೊಂಡು ಹೋದೆ. ಅರ್ಧ ಗಂಟೆಯ ಕೆಲಸ. ವೈದ್ಯರು ಎಷ್ಟು ದಿನದಿಂದ ಎಂದು ಕೇಳಿದಾಗ ನಾನು ಬೇರೆ ಕಡೆ ನೋಡಿದೆ. ದೊಡ್ಡಪ್ಪ ಬೆರಳು ಮಡಿಸಿ ಲೆಕ್ಕ ಹಾಕಿ ಹೇಳಿದರು: “ಹನ್ನೊಂದು ವರ್ಷ ಸ್ವಾಮಿ.”